ಕಾಲರ್ ಒಳಗಿನ ಚೀಟಿ

ಇವತ್ತು ದಾವಣಗೆರೆ ಮಂಡಿಪೇಟೆಯಲ್ಲಿ ಮಗನಿಗೆ ಅಂಗಿ ತಗೊಂಡೆ. ಕಾಲರ್ ಒಳಗೆ ಬಾಂಗ್ಲಾದೇಶದ ಚೀಟಿ. ಅಲ್ಲಿನ ಬಟ್ಟೆ ಕಾರ್ಖಾನೆಗಳಿದ್ದ ಕಟ್ಟಡ ರಾಣಾ ಪ್ಲಾಜಾ ನೆನಪಾಯಿತು. ಗೋಡೆ ಬಿರುಕು ಬಿಟ್ಟಿದ್ದು ಹಿಂದಿನ ದಿನವೇ ಗೊತ್ತಿದ್ದರೂ ಜನರನ್ನು ಹೊಲಿಗೆ ಕೆಲಸಕ್ಕೆ ಕರೆದರು, 2013ರ ಏಪ್ರಿಲ್ 24ರಂದು ಆ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ತರು.

ನಮ್ಮಪ್ಪನೂ ಇಲ್ಲೇ ಹತ್ತಿ ಗಿರಣಿಯಲ್ಲಿ ದುಡಿದವರು. ಸಂಜೆ ಬಂದರೆ ಹುಬ್ಬಿನ ಮೇಲೆಲ್ಲ ಬಿಳಿ ಧೂಳು, ರಾತ್ರಿಯೆಲ್ಲ ಕೆಮ್ಮು. ಯಾರನ್ನು ಕೇಳಬೇಕಿತ್ತು?

ಕಂಪನಿಗಳು ಮಾನವ ಹಕ್ಕು ಕಾಪಾಡಬೇಕು ಅಂತ ವಿಶ್ವಸಂಸ್ಥೆಯ ಸೂತ್ರಗಳು 2011ರಿಂದಲೇ ಇವೆ, ಆದರೆ ಪಾಲಿಸದಿದ್ದರೆ ಕೇಳುವವರಿಲ್ಲ. ಕಾನೂನಿನ ಬಲ ಇರುವ ಒಪ್ಪಂದ ಬೇಕು ಅಂತ 2014ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಈಕ್ವೆಡಾರ್, ದಕ್ಷಿಣ ಆಫ್ರಿಕಾ ನಿರ್ಣಯ ತಂದಾಗ ಭಾರತವೂ ಪರವಾಗಿ ಮತ ಹಾಕಿತು, ಅದು ನನಗೆ ತುಂಬಾ ಖುಷಿಯ ವಿಷಯ. ಆ ಒಪ್ಪಂದಕ್ಕಾಗಿ ಜಿನೀವಾದಲ್ಲಿ ವರ್ಷಗಟ್ಟಲೆ ಮಾತುಕತೆ ಎಳೆದಿದೆ. ಇನ್ನೆಷ್ಟು ಕಾಯಬೇಕು ಅಲ್ವಾ?