ಕೆಂಪು ದೆವ್ವದ ಕೆಳಗೆ ನರ್ಸಮ್ಮ

5 ಏಪ್ರಿಲ್ 2025, ಶನಿವಾರ
ಲಂಡನ್ ಹತ್ತಿರದ ಸ್ಲೌ, ಮಗಳ ಮನೆ. ರಾತ್ರಿ 11.40

ಪಾದ ಎರಡೂ ಉರೀತಿವೆ. ಆದರೂ ಇವತ್ತೇ ಬರೆದುಬಿಡಬೇಕು. ನಾಳೆ ರಾಮನವಮಿ. ಪಾನಕ, ಕೋಸಂಬರಿ ಅಂತ ಮಗಳು ಬೆಳಿಗ್ಗೆಯೇ ಕೆಲಸ ಹಚ್ಚುತ್ತಾಳೆ. ಆಮೇಲೆ ಅರ್ಧ ಮರೆತಿರುತ್ತೇನೆ.

ಇಂಗ್ಲೆಂಡಿನ ಉತ್ತರದ ಹಳೇ ಊರು ಯಾರ್ಕ್‌ಗೆ ಹೋಗಿ ಬಂದೆ. ಒಬ್ಬಳೇ. "ಅಮ್ಮ, ರೈಲು ತಪ್ಪಿದರೆ ಏನ್ ಮಾಡ್ತೀಯಾ?" ಅಂತ ಮಗಳು ಮೂರು ಸಲ ಕೇಳಿದಳು. ಮುಂದಿನ ರೈಲು ಹತ್ತುತ್ತೇನೆ, ಇನ್ನೇನು? ಮೂವತ್ತು ವರ್ಷ ದಾವಣಗೆರೆಯ ಬ್ಯಾಂಕಿನ ಕೌಂಟರಿನಲ್ಲಿ ಕೂತು ಎಂಥೆಂಥವರನ್ನೋ ಸಂಭಾಳಿಸಿದವಳು ನಾನು.

ಹೋಗಿದ್ದು ಊರು ನೋಡೋಕೆ ಅಂತ ಹೇಳಿದರೆ ಸುಳ್ಳಾಗುತ್ತೆ. ಹೋಗಿದ್ದು ನರ್ಸಮ್ಮನನ್ನು ನೋಡೋಕೆ, ಆ ಊರಿನ ನಿವೃತ್ತ ನರ್ಸ್. ಬರೆಯುವಾಗ ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ನರ್ಸಮ್ಮ. ಅವರು ನನ್ನನ್ನು ಕರೆಯೋದು "ಅಕ್ಕ" ಅಂತ. ಅವರಿಗೆ 70, ನನಗೆ 61. ಅಂದು ಹಂಪಿಯ ಆಚೆ ದಡದಲ್ಲಿ ಗೆಸ್ಟ್‌ಹೌಸಿನ ಹುಡುಗರೆಲ್ಲ ನನ್ನನ್ನು ಅಕ್ಕ ಅಕ್ಕ ಅಂತಿದ್ದರು. ಅದೇ ನನ್ನ ಹೆಸರು ಅಂತ ನರ್ಸಮ್ಮ ಅಂದುಕೊಂಡುಬಿಟ್ಟಿದ್ದರು ಪಾಪ. ಅರ್ಥ ಗೊತ್ತಾದ ಮೇಲೂ ಬಿಡಲಿಲ್ಲ.

ಅದು 2018ರ ಮಳೆಗಾಲ. ನಾನು ಸ್ವಯಂ ನಿವೃತ್ತಿ ತಗೊಂಡ ಹೊಸತು. ಅವರೂ ಆಸ್ಪತ್ರೆಯಿಂದ ನಿವೃತ್ತಿಯಾಗಿ ಒಬ್ಬರೇ ಊರು ಸುತ್ತೋಕೆ ಹೊರಟಿದ್ದರು. ಬೆಳಿಗ್ಗೆ ಹಂಪಿಯಿಂದ ದೋಣಿಯಲ್ಲಿ ಹೊಳೆ ದಾಟಿ ಅಂಜನಾದ್ರಿಗೆ ಹೋದೆವು, ಬೇರೆ ಬೇರೆಯಾಗಿ. ವಾಪಸ್ ಬರುವಷ್ಟರಲ್ಲಿ ದೋಣಿ ನಿಲ್ಲಿಸಿದ್ದರು. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹೊಳೆ ಏರ್ತಿದೆ, ಇವತ್ತು ದೋಣಿ ಇಲ್ಲ ಅಂದರು. ಎದುರು ದಡದಲ್ಲಿ ವಿರೂಪಾಕ್ಷ ದೇವಸ್ಥಾನದ ಗೋಪುರ ಕಾಣ್ತಿದೆ, ಅಲ್ಲೇ ನಮ್ಮ ಬ್ಯಾಗು, ನಮ್ಮ ರೂಮು. ಮಧ್ಯೆ ಕೆಂಪು ನೀರು. ವಿರೂಪಾಪುರ ಗಡ್ಡೆಯ ಗೆಸ್ಟ್‌ಹೌಸಿನಲ್ಲಿ ಉಳಿದಿದ್ದ ಒಂದೇ ರೂಮನ್ನು ಇಬ್ಬರೂ ಹಂಚಿಕೊಂಡೆವು. ರಾತ್ರಿ ಕರೆಂಟು ಹೋಯ್ತು. ಸುಮ್ನೆ ಕೂರಲಾರದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದೆ. ಅಡುಗೆಮನೆಯಿಂದ ಹುಣಸೆ ಬೀಜ ಇಸ್ಕೊಂಡು, ಸೀಳಿ, ಕಲ್ಲಿಗೆ ತೇಯ್ದು ಕೊಟ್ಟೆ. ಎರಡು ಗಂಟೆಯಲ್ಲಿ ಕಲಿತರು. ಮೂರನೇ ಗಂಟೆಯಲ್ಲಿ ನನ್ನನ್ನೇ ಸೋಲಿಸಿದರು. ಮರುದಿನ ಗಂಗಾವತಿ ರಸ್ತೆ ಹಿಡಿದು ಸುತ್ತು ಹಾಕಿ ಹಂಪಿ ಸೇರಿದೆವು. ಅಲ್ಲಿಂದ ಬಾದಾಮಿ, ಐಹೊಳೆ, ಮೂರು ದಿನ ಒಟ್ಟಿಗೆ. ಆಮೇಲೆ ಏಳು ವರ್ಷ ವಾಟ್ಸಾಪ್.

ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಿಂದ ಯಾರ್ಕ್‌ಗೆ ಸುಮಾರು ಎರಡು ಗಂಟೆ. ನನ್ನ ಸೀಟಿನಲ್ಲಿ ಒಬ್ಬ ಹುಡುಗ ಮಲಗಿದ್ದ. ಎಬ್ಬಿಸೋಕೆ ಮನಸ್ಸು ಬರಲಿಲ್ಲ, ಪಕ್ಕದ ಡಬ್ಬಿಯಲ್ಲಿ ಕೂತೆ. ಯಾರ್ಕ್ ಸ್ಟೇಷನ್ನಿನ ಚಾವಣಿ ಮಾತ್ರ ಮನಸ್ಸಲ್ಲಿ ನಿಂತಿದೆ. 1877ರದ್ದು. ಹಳಿ ತಿರುಗಿದ ಹಾಗೆಯೇ ಕಬ್ಬಿಣದ ಕಮಾನುಗಳೂ ತಿರುಗುತ್ತಾ ಹೋಗುತ್ತವೆ, ಆ ಕೊನೆ ಈ ಕೊನೆಗೆ ಕಾಣಲ್ಲ.

ನರ್ಸಮ್ಮ ಸ್ಟೇಷನ್ನಿಗೆ ಬರಬೇಕಿತ್ತು. ಮೊಣಕಾಲಿನ ಆಪರೇಷನ್ ಆಗಿ ಆರು ತಿಂಗಳಾಗಿದೆ, ಜಾಸ್ತಿ ನಡೆಯಲ್ಲ. "ಹನ್ನೊಂದೂವರೆಗೆ ಸ್ಟೋನ್‌ಗೇಟ್‌ನಲ್ಲಿ ಕೆಂಪು ದೆವ್ವದ ಕೆಳಗೆ ನಿಂತಿರ್ತೀನಿ. ಅಲ್ಲೀವರೆಗೆ ಕೋಟೆ ಮೇಲೆ ನಡ್ಕೊಂಡು ಬಾ, ಅದೊಂದನ್ನು ತಪ್ಪಿಸಬೇಡ" ಅಂತ ಮೆಸೇಜ್ ಹಾಕಿದ್ದರು.

ಅವರು ಹೇಳಿದಂತೆ ಮಿಕಲ್‌ಗೇಟ್ ಬಾರ್ ಹತ್ತಿರ ಮೆಟ್ಟಿಲು ಹತ್ತಿದೆ. ಇದು ಊರ ಹೆಬ್ಬಾಗಿಲು. ರಾಜ ರಾಣಿಯರು ಊರಿಗೆ ಬರುವ ದಾರಿ. ರಾಜದ್ರೋಹಿಗಳ ತಲೆ ಕಡಿದು ನೇತುಹಾಕುತ್ತಿದ್ದ ಜಾಗವೂ ಇದೇ. 1460ರಲ್ಲಿ ಯಾರ್ಕ್‌ನ ಡ್ಯೂಕ್ ರಿಚರ್ಡನ ತಲೆಯನ್ನೇ ಇಲ್ಲಿ ಸಿಕ್ಕಿಸಿದ್ದರು. ಮೇಲೆ ಹತ್ತಿದರೆ ಅದೆಲ್ಲ ನೆನಪಿಗೆ ಬರೋದೇ ಇಲ್ಲ. ಕೋಟೆಯ ಏರಿ ಪೂರ್ತಿ ಹಳದಿ. ಡ್ಯಾಫೋಡಿಲ್ ಹೂವು, ಯಾರೋ ಅರಿಶಿನ ಎರಚಿದ ಹಾಗೆ. ಊರ ಸುತ್ತ ಸುಮಾರು ಮೂರೂಕಾಲು ಕಿಲೋಮೀಟರಿನಷ್ಟು ಗೋಡೆ ಇನ್ನೂ ನಿಂತಿದೆ. ಇಂಗ್ಲೆಂಡಿನಲ್ಲಿ ಇಷ್ಟು ಉದ್ದದ ಹಳೇ ಊರಗೋಡೆ ಬೇರೆಲ್ಲೂ ಇಲ್ಲ. ಒಳಗಿನ ಬದಿಗೆ ಎಷ್ಟೋ ಕಡೆ ಕಟಾಂಜನ ಇಲ್ಲ, ಹುಷಾರಾಗಿ ನಡೀಬೇಕು. ಒಂದು ತಿರುವಿನಲ್ಲಿ ದೂರದಲ್ಲಿ ಊರಿನ ದೊಡ್ಡ ಚರ್ಚು ಮಿನ್‌ಸ್ಟರ್‌ನ ಗೋಪುರಗಳು ಎದ್ದವು. ಫೋಟೋ ತೆಗೆದೆ, ಎಲ್ಲದರಲ್ಲೂ ನನ್ನ ಬೆರಳು ಬಂದಿದೆ.

ನದಿ ಹತ್ತಿರ ಗೋಡೆ ಇಳಿದು ಲೆಂಡಲ್ ಸೇತುವೆ ದಾಟಿದೆ. ಅಲ್ಲಿಂದ ನನ್ನ ಪೇಚಾಟ ಶುರು. ಸ್ಟೋನ್‌ಗೇಟ್ ಅಂದರೆ ಕಲ್ಲಿನ ಗೇಟು ಅಲ್ವಾ? ಕಲ್ಲಿನ ಗೇಟು ಹುಡುಕಿಕೊಂಡು ಬೂಥಮ್ ಬಾರ್‌ವರೆಗೆ ಹೋದೆ. ಅಲ್ಲಿ ಗೇಟೇನೋ ಇತ್ತು, ದೆವ್ವ ಇರಲಿಲ್ಲ. ನಾಯಿ ಹಿಡಿದುಕೊಂಡು ಹೋಗ್ತಿದ್ದ ಅಜ್ಜ ಒಬ್ಬರು ನಕ್ಕು ಬಿಡಿಸಿ ಹೇಳಿದರು. ಈ ಊರಲ್ಲಿ ಬೀದಿಗೆ ಗೇಟ್ ಅಂತಾರೆ, ಗೇಟಿಗೆ ಬಾರ್ ಅಂತಾರೆ, ಬಾರಿಗೆ ಪಬ್ ಅಂತಾರೆ. 866ರಲ್ಲಿ ವೈಕಿಂಗರು ಬಂದು ಊರು ಹಿಡಿದರಲ್ಲ, ಅವರ ಭಾಷೆಯಲ್ಲಿ 'ಗಾತಾ' ಅಂದರೆ ಬೀದಿ. ಅವರು ಹೋಗಿ ಸಾವಿರ ವರ್ಷವಾದರೂ ಮಾತು ಹೋಗಿಲ್ಲ. ವಿಪ್-ಮಾ-ವಾಪ್-ಮಾ-ಗೇಟ್ ಅಂತ ಒಂದು ಬೀದಿ ಇದೆ ಇಲ್ಲಿ, ಹೆಸರು ಓದಿ ಮುಗಿಸುವಷ್ಟರಲ್ಲಿ ಬೀದಿಯೇ ಮುಗಿಯುತ್ತದೆ.

ಸ್ಟೋನ್‌ಗೇಟ್ ಸಿಕ್ಕಿತು. ಓಣಿಯ ಮೂಲೆಯಲ್ಲಿ, ಅಂಗಡಿಯ ಮೇಲೆ, ಕೊಂಬಿರುವ ಪುಟ್ಟ ಕೆಂಪು ದೆವ್ವ ಸೊಂಟಕ್ಕೆ ಸರಪಳಿ ಹಾಕಿಸಿಕೊಂಡು ಕೂತಿದೆ. ಹಿಂದೆ ಅಲ್ಲಿ ಅಚ್ಚುಕೂಟ ಇತ್ತಂತೆ. ಅಚ್ಚಿನಮನೆಯ ಚಿಲ್ಲರೆ ಕೆಲಸದ ಹುಡುಗನಿಗೆ 'ಪ್ರಿಂಟರ್ಸ್ ಡೆವಿಲ್' ಅಂತಿದ್ದರು, ಅದಕ್ಕೇ ಈ ಗುರುತು. ಕೆಳಗೆ ನರ್ಸಮ್ಮ. ಕೂದಲು ಪೂರ್ತಿ ಬಿಳಿ. ಕೈಯಲ್ಲಿ ಕೋಲು. ಏಳು ವರ್ಷದಲ್ಲಿ ಸ್ವಲ್ಪ ಕುಗ್ಗಿದ್ದಾರೆ ಅನ್ನಿಸಿತು. ನಾನೂ ಅವರಿಗೆ ಹಾಗೇ ಕಂಡಿರಬೇಕು. "ಅಕ್ಕಾ! ಇಪ್ಪತ್ತು ನಿಮಿಷ ಲೇಟು!" ಅಂದರು. ತಬ್ಬಿಕೊಂಡೆವು. ನನ್ನ ಬ್ಯಾಗಿನಲ್ಲಿದ್ದ ಮಂಡಕ್ಕಿ ಪ್ಯಾಕೆಟ್ ಪಟ್ ಅಂತ ಒಡೆಯಿತು.

ಮಿನ್‌ಸ್ಟರ್ ಒಳಗೆ ಮೊದಲು ಹೋಗಿಬಿಡೋಣ ಅಂದರು. ಟಿಕೆಟ್ ದುಬಾರಿ. ಯಾರ್ಕ್‌ನಲ್ಲೇ ವಾಸ ಇರೋರಿಗೆ ದುಡ್ಡಿಲ್ಲ, ಅದನ್ನು ನನಗೆ ಎರಡು ಸಲ ಹೇಳಿ ಖುಷಿಪಟ್ಟರು. ಗೋಪುರದ ಮೇಲಕ್ಕೆ 275 ಮೆಟ್ಟಿಲು. ಕೆಳಗೆ ನಿಂತು ಬೋರ್ಡು ನೋಡಿ ಕೋಲನ್ನು ನೆಲಕ್ಕೆ ಕುಟ್ಟಿದರು. "ಅಂಜನಾದ್ರಿಗೆ 575 ಹತ್ತಿದ ಕಾಲು ಇದು." ನನಗೂ ಹತ್ತೋಕೆ ಇಷ್ಟವಿರಲಿಲ್ಲ, ಆದರೆ ಅವರಿಗೋಸ್ಕರ ಬಿಟ್ಟೆ ಅನ್ನೋ ಮುಖ ಮಾಡಿದೆ.

ಪೂರ್ವದ ದೊಡ್ಡ ಕಿಟಕಿಯ ಎದುರು ಕೂತೆವು. ಒಂದು ಟೆನಿಸ್ ಕೋರ್ಟಿನಷ್ಟು ಬಣ್ಣದ ಗಾಜು. ಜಾನ್ ಥಾರ್ನ್‌ಟನ್ ಅನ್ನುವವನು 1405ರಿಂದ 1408ರ ಒಳಗೆ ಮಾಡಿ ಮುಗಿಸಿದ, ಒಟ್ಟು ಕೂಲಿ 56 ಪೌಂಡ್. ಹೇಳಿದ ಸಮಯಕ್ಕೆ ಮುಗಿಸಿದರೆ 10 ಪೌಂಡ್ ಇನಾಮು ಅಂತ ಅದರಲ್ಲೇ ಸೇರಿತ್ತು. ನಮ್ಮ ಮನೆ ಟೈಲ್ಸ್ ಹಾಕಿದ ಮೇಸ್ತ್ರಿಗೂ ಹೀಗೊಂದು ಇನಾಮು ಇಟ್ಟಿದ್ದರೆ ದೀಪಾವಳಿಗೆ ಮುಂಚೆ ಗೃಹಪ್ರವೇಶ ಆಗ್ತಿತ್ತು. ಇತ್ತೀಚೆಗೆ ಆ ಕಿಟಕಿಯ 311 ಹಲಗೆಗಳನ್ನೂ ಬಿಚ್ಚಿ, ತೊಳೆದು, ಸರಿ ಮಾಡಿ ಮತ್ತೆ ಕೂರಿಸಿದ್ದಾರೆ. ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಮುಗಿದದ್ದು 2018ರಲ್ಲಿ. "ನಾವು ಹೊಳೆ ದಾಟಲಾಗದೆ ಕೂತಿದ್ದ ವರ್ಷ" ಅಂದರು ನರ್ಸಮ್ಮ.

ನನಗೆ ಹೆಚ್ಚು ಹಿಡಿಸಿದ್ದು ಕಿಟಕಿಗಿಂತ ಚರ್ಚಿನ ದಕ್ಷಿಣಕ್ಕೆ ಚಾಚಿದ ತೋಳಿನ ಕೆಳಗೆ ನಿಂತು ಅವರು ಹೇಳಿದ ಕತೆ. 1984ರ ಜುಲೈ 9, ನಡುರಾತ್ರಿ ದಾಟಿತ್ತು. ಅವರಿಗೆ 29 ವರ್ಷ, ರಾತ್ರಿ ಪಾಳಿ. ವಾರ್ಡಿನ ಮುದುಕನೊಬ್ಬ ಕಿಟಕಿ ಕಡೆ ಕೈ ತೋರಿಸಿ "ಸೂರ್ಯ ಹುಟ್ಟಿದ" ಅಂದನಂತೆ. ಗಡಿಯಾರ ನೋಡಿದರೆ ಇನ್ನೂ ಮೂರು ಗಂಟೆ. ಮಿನ್‌ಸ್ಟರ್ ಉರೀತಿತ್ತು. ಸಿಡಿಲು ಬಡಿದಿರಬೇಕು ಅಂತ ಆಮೇಲೆ ತೀರ್ಮಾನ ಮಾಡಿದರು. ಈ ತೋಳಿನ ಚಾವಣಿ ಪೂರ್ತಿ ಕುಸಿಯಿತು. ಗೋಡೆಯ ಮೇಲಿನ ಗುಲಾಬಿ ಕಿಟಕಿಯ ಗಾಜು ಸಾವಿರಾರು ಕಡೆ ಸೀಳಿತು, ಆದರೆ ಬೀಳಲಿಲ್ಲ. ಹೊಸ ಚಾವಣಿ ಕಟ್ಟುವಾಗ ಟಿವಿಯ ಮಕ್ಕಳ ಕಾರ್ಯಕ್ರಮವೊಂದು ಸ್ಪರ್ಧೆ ಇಟ್ಟು, ಗೆದ್ದ ಆರು ಮಕ್ಕಳ ಚಿತ್ರಗಳನ್ನು ಮೇಲೆ ಕೆತ್ತಿಸಿತು. ಚಂದ್ರನ ಮೇಲೆ ಕಾಲಿಟ್ಟ ಮನುಷ್ಯ ಇದ್ದಾನೆ, ತಿಮಿಂಗಿಲ ಇದೆ. ಅಷ್ಟು ಮೇಲಿದೆ, ನನ್ನ ಕತ್ತು ನೋಯ್ತು.

ಊಟ ಮ್ಯೂಸಿಯಂ ಗಾರ್ಡನ್ಸ್‌ನಲ್ಲಿ, ಬಿಸಿಲಲ್ಲಿ, ಬೆಂಚಿನ ಮೇಲೆ. ಬೆಟ್ಟೀಸ್ ಟೀ ರೂಮಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದರು, ಹೊರಗಿನ ಸಾಲು ನೋಡಿ ಇಬ್ಬರೂ ಬೇಡ ಅಂದೆವು. ಈರುಳ್ಳಿ, ಟೊಮೆಟೊ ಅಲ್ಲೇ ಹೆಚ್ಚಿ ಒಡೆದ ಪ್ಯಾಕೆಟ್ಟಿನ ಮಂಡಕ್ಕಿ ಕಲಸಿದೆ. ಎದುರಿಗೆ ರೋಮನ್ನರ ಕಾಲದ ಗೋಪುರ. ಕೆಳಗೆ ಸಣ್ಣ ಕಲ್ಲು, ನಡುವೆ ಕೆಂಪು ಇಟ್ಟಿಗೆಯ ಪಟ್ಟಿ, ಅದು ರೋಮನ್ನರದ್ದು. ಅದರ ಮೇಲೆ ದಪ್ಪ ಕಲ್ಲು, ಅದು ಸಾವಿರ ವರ್ಷ ಆದಮೇಲೆ ಬಂದವರದ್ದು. ಇಲ್ಲೇ 306ರಲ್ಲಿ ಕಾನ್‌ಸ್ಟಂಟೈನ್‌ನನ್ನು ಚಕ್ರವರ್ತಿ ಅಂತ ಸೈನಿಕರು ಘೋಷಿಸಿದ್ದು. ಒಂದು ಅಳಿಲು ಬಂದು ಮಂಡಕ್ಕಿ ಮೂಸಿ ನೋಡಿ ಹೋಯ್ತು.

ಶಾಂಬಲ್ಸ್ ಬಗ್ಗೆ ಜಾಸ್ತಿ ಬರೆಯಲ್ಲ. ಮಾಳಿಗೆಗಳು ಒಂದಕ್ಕೊಂದು ಬಾಗಿ ಮುಟ್ಟುವಂತಿರುವ ಕಸಾಯಿ ಬೀದಿ, ಮಾಂಸ ನೇತುಹಾಕುವ ಕೊಕ್ಕೆ ಇನ್ನೂ ಇವೆ. ಈಗ ಅಲ್ಲಿ ನಡೆಯೋಕೂ ಜಾಗ ಇಲ್ಲ. ನಮ್ಮ ಚೌಕಿಪೇಟೆಯ ಹಬ್ಬದ ಹಿಂದಿನ ಸಂಜೆ ಇದ್ದ ಹಾಗೆ, ಆದರೆ ಯಾರೂ ಏನೂ ಕೊಳ್ತಿಲ್ಲ, ಬರೀ ಸೆಲ್ಫಿ.

ನದಿ ದಂಡೆಗೆ ಬಂದ ಮೇಲೆ ನರ್ಸಮ್ಮ ಚುರುಕಾದರು. ಊಸ್ ನದಿ. ಮಳೆ ಇಲ್ಲದೆ ಇವತ್ತು ಸೌಮ್ಯವಾಗಿ, ಕಂದು ಬಣ್ಣದಲ್ಲಿ ಹರೀತಿತ್ತು. ದಂಡೆಯಲ್ಲೇ ಕಿಂಗ್ಸ್ ಆರ್ಮ್ಸ್ ಅನ್ನುವ ಪಬ್ಬು. ಪ್ರವಾಹ ಬಂದಾಗೆಲ್ಲ ಮೊದಲು ಮುಳುಗೋದು ಇದೇ. ಬಾಗಿಲ ಹತ್ತಿರ ನೀರು ಎಲ್ಲಿಯವರೆಗೆ ಬಂತು ಅಂತ ಇಸವಿ ಸಮೇತ ಗುರುತು ಹಾಕಿದ್ದಾರೆ. ಮಕ್ಕಳ ಎತ್ತರ ಗೋಡೆ ಮೇಲೆ ಗುರುತು ಮಾಡ್ತೀವಲ್ಲ, ಹಾಗೆ. 2000ದ ಗುರುತು ನನ್ನ ತಲೆಗಿಂತ ಮೇಲಿದೆ. ಆ ನವೆಂಬರಿನಲ್ಲಿ ನದಿ ಮಾಮೂಲಿಗಿಂತ 5.4 ಮೀಟರ್ ಏರಿತ್ತು. ನನಗೆ ಹಂಪಿಯ ಪುರಂದರ ಮಂಟಪ ನೆನಪಾಯ್ತು. ಅದೂ ಪ್ರತಿ ಮಳೆಗಾಲ ಮುಳುಗಿ ಏಳುತ್ತೆ.

ಅವರು ಅರ್ಧ ಪೈಂಟ್ ಬಿಯರು, ನಾನು ನಿಂಬೆ ಸೋಡ. ಟೇಬಲ್ ಮೇಲೆ ಚೆಲ್ಲಿದ ಬಿಯರಿನಲ್ಲೇ ಬೆರಳಾಡಿಸಿ ನದಿ ಬರೆದು ತೋರಿಸಿದರು. ಇದು ಊಸ್. ಇದು ಫಾಸ್, ಚಿಕ್ಕದು, ಇಲ್ಲಿ ಬಂದು ಸೇರುತ್ತೆ. ಊಸ್ ಏರಿದರೆ ನೀರು ಫಾಸ್‌ಗೆ ಹಿಂದಕ್ಕೆ ನುಗ್ಗಿ ಊರೊಳಗೆ ಬರುತ್ತೆ. ಅದಕ್ಕೇ 1987ರಲ್ಲಿ ಅಲ್ಲೊಂದು ಗೇಟು ಕಟ್ಟಿದರು. ಉಪ್ಪಿನ ಡಬ್ಬಿ ಅಡ್ಡ ಇಟ್ಟರು. ಗೇಟು ಇಳಿಸಿದರೆ ಫಾಸ್‌ನ ನೀರು ಹಿಂದೆ ನಿಲ್ಲುತ್ತಲ್ಲ, ಅದನ್ನು ಪಂಪು ಮಾಡಿ ಊಸ್‌ಗೆ ಎತ್ತಿ ಹಾಕಬೇಕು. 2015ರ ಕ್ರಿಸ್‌ಮಸ್ ಮರುದಿನ ಪಂಪ್‌ಹೌಸಿನ ವಿದ್ಯುತ್ ಸಾಮಾನಿಗೇ ನೀರು ನುಗ್ಗಿತು. ಗೇಟು ಎತ್ತಲೇಬೇಕಾಯ್ತು. ಉಪ್ಪಿನ ಡಬ್ಬಿ ಎತ್ತಿದರು. ನೂರಾರು ಮನೆಗೆ ನೀರು. ಇವರ ತಂಗಿಯ ಮನೆಯಲ್ಲಿ ಮೊಣಕಾಲುದ್ದ ನಿಂತಿತ್ತಂತೆ, ಕ್ರಿಸ್‌ಮಸ್ ಮರ ತೇಲ್ತಿತ್ತಂತೆ.

ನಾನು ನನ್ನ ಕತೆ ಹೇಳಿದೆ. ಕಳೆದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಕೊಂಡು ಹೋಯ್ತು. ವಾರದೊಳಗೆ ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಇಳಿಸಿ ಮುಚ್ಚಿದರು. "ಹರಿಯೋ ನೀರಲ್ಲಾ?" ಅಂತ ಎರಡು ಸಲ ಕೇಳಿದರು. ಆಮೇಲೆ, "ಆ ಗೆಸ್ಟ್‌ಹೌಸ್ ಹುಡುಗರು ಹೇಗಿದ್ದಾರೆ?" ಅಂದರು. ಇದನ್ನು ಇಷ್ಟು ದಿನ ಹೇಳದೆ ಇಟ್ಟಿದ್ದೆ. ಗಡ್ಡೆಯ ಗೆಸ್ಟ್‌ಹೌಸುಗಳನ್ನೆಲ್ಲ 2020ರಲ್ಲಿ ಕೆಡವಿದರು. ಸುಪ್ರೀಂ ಕೋರ್ಟಿನ ತೀರ್ಪು. ಪಾರಂಪರಿಕ ಜಾಗದಲ್ಲಿ ಕಟ್ಟಬಾರದಿತ್ತು ಅನ್ನೋದು ಸರಿಯೇ. ಹುಡುಗರು ಎಲ್ಲಿ ಹೋದರೋ. ನರ್ಸಮ್ಮ ಬಹಳ ಹೊತ್ತು ಗ್ಲಾಸು ತಿರುಗಿಸುತ್ತಾ ಕೂತರು.

ದಾರಿಯಲ್ಲಿ ಕ್ಲಿಫರ್ಡ್ಸ್ ಟವರ್, ದಿಬ್ಬದ ಮೇಲಿನ ಹಳೇ ಕಲ್ಲಿನ ಬುರುಜು. 1190ರ ಮಾರ್ಚಿನಲ್ಲಿ ಇಲ್ಲಿನ ಯಹೂದಿಗಳು, ಸುಮಾರು 150 ಜನ, ಗುಂಪಿಗೆ ಹೆದರಿ ಆಗ ಇಲ್ಲಿದ್ದ ಕೋಟೆಯೊಳಗೆ ಸೇರಿಕೊಂಡು ಅಲ್ಲೇ ಸತ್ತರು. ಎಷ್ಟೋ ಜನ ತಮ್ಮ ಕೈಯಾರೆ. ಆ ದಿಬ್ಬದ ಮೇಲೂ ಡ್ಯಾಫೋಡಿಲ್. ನರ್ಸಮ್ಮ ಒಂದು ಹೂವನ್ನು ಕೀಳದೆ ಬೆರಳಲ್ಲಿ ಹಿಡಿದು ತಿರುಗಿಸಿ ತೋರಿಸಿದರು. ಆರು ಎಸಳು, ಯಹೂದಿಗಳ ಗುರುತಾದ ದಾವೀದನ ನಕ್ಷತ್ರದ ಮೂಲೆಗಳಷ್ಟೇ. ಅದಕ್ಕೇ ಇಲ್ಲಿ ನೆಟ್ಟರು ಅಂದರು. ಬೆಳಿಗ್ಗೆ ನಾನು ಅರಿಶಿನ ಅಂದುಕೊಂಡು ದಾಟಿದ್ದ ಹೂವು.

ಟ್ಯಾಕ್ಸಿಯಲ್ಲಿ ಅವರ ಮನೆಗೆ. ಪುಟ್ಟ ಇಟ್ಟಿಗೆ ಮನೆ. ಟೀ ಇಟ್ಟು ಡ್ರಾಯರಿನಿಂದ ಒಂದು ರಟ್ಟು ತೆಗೆದರು. ಸ್ಕೇಲು ಹಿಡಿದು ನೀಟಾಗಿ ಐದು ಮನೆ ಐದು ಮನೆ ಗೆರೆ ಹೊಡೆದ ಚೌಕಾಬಾರ. ಕಟ್ಟೆಗಳಿಗೆ ಕೆಂಪು ಕಾಟು. ಔಷಧಿ ಡಬ್ಬಿಯಲ್ಲಿ ಅದೇ ನಾಲ್ಕು ಹುಣಸೆ ಬೀಜ, ಆಡಿ ಆಡಿ ಮಿರಮಿರ ಮಿಂಚ್ತಿದ್ದವು. ಮೊಮ್ಮಕ್ಕಳಿಗೆ ಕಲಿಸಿದ್ದಾರಂತೆ. ಅವರು ನಿಯಮ ತಿದ್ದಿದ್ದಾರೆ, ಭಾರ ಬಿದ್ದರೆ ಒಂದು ಕಿಟ್‌ಕ್ಯಾಟ್. ಕಿಟ್‌ಕ್ಯಾಟ್ ಹುಟ್ಟಿದ್ದೂ ಇದೇ ಊರಲ್ಲಿ, 1935ರಲ್ಲಿ. ಎರಡು ಆಟ ಆಡಿದೆವು. ಎರಡರಲ್ಲೂ ನನ್ನ ಕಾಯಿ ಕಟ್ಟೆಗೆ ಒಂದು ಮನೆ ಮುಂಚೆ ಕಡಿದರು. "ಹಣ್ಣಾಯ್ತು!" ಅಂತ ಕನ್ನಡದಲ್ಲೇ ಕೂಗ್ತಾರೆ, 'ಣ' ಮಾತ್ರ ಬರಲ್ಲ.

ರೈಲ್ವೆ ಮ್ಯೂಸಿಯಂ ನೋಡಲಾಗಲಿಲ್ಲ. ಅಳಿಯ ಬೈತಾನೆ.

ವಾಪಸ್ ರೈಲಿನಲ್ಲಿ ಪೀಟರ್‌ಬರೋ ದಾಟುವಾಗ ಮೆಸೇಜ್ ಬಂತು. ನಾನು ಕೊಟ್ಟು ಬಂದ ಶೇಂಗಾ ಚಟ್ನಿಪುಡಿಯ ಫೋಟೋ, ಡಬ್ಬಿ ಕಾಲು ಭಾಗ ಖಾಲಿ. "ಅಕ್ಕ, ಟೋಸ್ಟ್ ಮೇಲೆ ಬೆಣ್ಣೆ ಸವರಿ ಹಾಕಿಕೊಂಡೆ. ಮೂರು ಲೋಟ ನೀರು ಕುಡಿದೆ. ಇನ್ನೂ ಒಂದು ತಿಂತಿದ್ದೀನಿ."