ಅಂಟಾರ್ಟಿಕಾ ಒಂದೇ ಸಾಕಾ, ಸೌತ್ ಜಾರ್ಜಿಯಾನೂ ಬೇಕಾ?

ಅಂಟಾರ್ಟಿಕಾ ಕಡೆ ಹೋಗಿ ಬಂದವನು ಅಂತ ಗೊತ್ತಾದರೆ ಜನ ಮೊದಲು ಚಳಿ ಎಷ್ಟಿತ್ತು ಅಂತ ಕೇಳುತ್ತಾರೆ. ಆಮೇಲೆ ಖರ್ಚು ಎಷ್ಟಾಯಿತು ಅಂತ. ನಿಜವಾಗಿ ಹೋಗುವ ಆಸೆ ಇರುವವರು ಮಾತ್ರ ಮೂರನೇ ಪ್ರಶ್ನೆಗೆ ಬರುತ್ತಾರೆ. ಹತ್ತು ಹನ್ನೊಂದು ದಿನದ ಟ್ರಿಪ್ಪಿನಲ್ಲಿ ಅಂಟಾರ್ಟಿಕಾ ತೋರಿಸಿ ವಾಪಸ್ ಕರೆತರುತ್ತಾರೆ. ಇಪ್ಪತ್ತು ಚಿಲ್ಲರೆ ದಿನದ್ದರಲ್ಲಿ ಫಾಕ್‌ಲ್ಯಾಂಡ್ ಮತ್ತು ಸೌತ್ ಜಾರ್ಜಿಯಾ ದ್ವೀಪಗಳೂ ಸೇರುತ್ತವೆ, ದುಡ್ಡು ಹೆಚ್ಚುಕಡಿಮೆ ಎರಡರಷ್ಟು. ಯಾವುದಕ್ಕೆ ಹೋಗೋದು? ನನ್ನ ಹೆಂಡತಿಯ ತಮ್ಮ ಇದನ್ನೇ ಇನ್ನೂ ಸರಳವಾಗಿ ಕೇಳಿದ್ದ. "ಭಾವಾ, ಪೆಂಗ್ವಿನ್ ಅಂದ್ರೆ ಪೆಂಗ್ವಿನ್ನೇ ಅಲ್ವಾ? ಇನ್ನೂ ಹತ್ತು ದಿನ ಯಾಕೆ ಬೇಕು?"

ಏಳನೇ ಖಂಡದ ಮೇಲೆ ಕಾಲಿಡಬೇಕು, ಹಿಮ ನೋಡಬೇಕು ಅಂದರೆ ಚಿಕ್ಕ ಟ್ರಿಪ್ಪು ಸಾಕು. ಪ್ರಾಣಿ ಪಕ್ಷಿ ನೋಡೋಕೆ ಹೋಗುತ್ತಿದ್ದರೆ ಮಾತ್ರ ಸೌತ್ ಜಾರ್ಜಿಯಾ ಬಿಡಬೇಡಿ. ಈಗ ದುಡ್ಡು ಸಾಲದಿದ್ದರೆ ಎರಡು ವರ್ಷ ಕಾದಾದರೂ ದೊಡ್ಡದಕ್ಕೇ ಹೋಗಿ. ನಾನು ಐದು ವರ್ಷ ಕಾದೆ. ನನಗೆ ಒಂದು ಒಳ್ಳೆಯ ಕಾರಿನ ದುಡ್ಡಾಯಿತು, ಹಳೆಯ ಕಾರೇ ಇನ್ನೂ ಓಡುತ್ತಿದೆ.

ಸೌತ್ ಜಾರ್ಜಿಯಾ ಅನ್ನೋದು ಸುಮಾರು 165 ಕಿಲೋಮೀಟರ್ ಉದ್ದದ ದ್ವೀಪ. ಬ್ರಿಟನ್ನಿನ ಆಡಳಿತ. ವಿಮಾನ ಇಳಿಯುವ ಜಾಗವೇ ಇಲ್ಲ, ಹಡಗಿನಲ್ಲೇ ಹೋಗಬೇಕು. ಊರು ಅಂತ ಇಲ್ಲ. ಒಂದಿಷ್ಟು ವಿಜ್ಞಾನಿಗಳು, ಸರ್ಕಾರಿ ಅಧಿಕಾರಿಗಳು ಸರದಿಯ ಮೇಲೆ ಬಂದು ಇರುತ್ತಾರೆ, ಅಷ್ಟೆ. ನಮ್ಮ ಹಡಗು ಹೊರಟದ್ದು ಅರ್ಜೆಂಟೀನಾದ ಉಶುವಾಯಾ ಊರಿಂದ. ಭೂಪಟದಲ್ಲಿ ನೋಡಿದರೆ ಉಶುವಾಯಾ, ಸೌತ್ ಜಾರ್ಜಿಯಾ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ಉಶುವಾಯಾದಲ್ಲಿ ಕಾಡಿದೆ, ರಸ್ತೆ ಇದೆ, ಚಾಕೊಲೇಟ್ ಅಂಗಡಿಗಳ ಸಾಲೇ ಇದೆ. ಸೌತ್ ಜಾರ್ಜಿಯಾದಲ್ಲಿ ಒಂದು ಮರವೂ ಇಲ್ಲ, ಅರ್ಧಕ್ಕಿಂತ ಜಾಸ್ತಿ ನೆಲ ಹಿಮದ ಕೆಳಗೇ ಇದೆ.

ಕಾರಣ ಸಮುದ್ರದಲ್ಲಿದೆ. ದಕ್ಷಿಣದ ತಣ್ಣನೆ ನೀರು ಉತ್ತರದ ಬೆಚ್ಚನೆ ನೀರನ್ನು ಸಂಧಿಸಿ ಅದರ ಅಡಿಗೆ ಇಳಿಯುವ ಒಂದು ಗಡಿ ಅಂಟಾರ್ಟಿಕಾದ ಸುತ್ತಲೂ ಇದೆ. ಅದನ್ನು ದಾಟುವಾಗ ಕೆಲವೇ ಗಂಟೆಗಳಲ್ಲಿ ನೀರು ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಡೆಕ್ ಮೇಲೆ ನಿಂತವರಿಗೆ ಮೊದಲು ಮೂಗಿಗೇ ಗೊತ್ತಾಗುತ್ತದೆ. ಸೌತ್ ಜಾರ್ಜಿಯಾ ಈ ಗಡಿಯ ಒಳಗಿದೆ. ಅಂಟಾರ್ಟಿಕಾ ಕಡೆಯಿಂದ ಬರುವ ಪ್ರವಾಹ ಕ್ರಿಲ್ ಅನ್ನೋ ಸೀಗಡಿಯಂಥ ಜೀವಿಯನ್ನು ರಾಶಿ ರಾಶಿ ಹೊತ್ತು ತರುತ್ತದೆ. ಊಟ ಧಾರಾಳ. ಮರಿ ಹಾಕಲು ಬೇಸಿಗೆಯಲ್ಲಿ ಮಂಜಿಲ್ಲದ ದಡ ಬೇಕಲ್ಲ, ಅದೂ ಇಲ್ಲಿದೆ. ಸುತ್ತ ಸಾವಿರಾರು ಕಿಲೋಮೀಟರ್ ಬರೀ ನೀರು. ಹಾಗಾಗಿ ಎಲ್ಲರೂ ಇಲ್ಲಿಗೇ ಬರುತ್ತಾರೆ. ಮಲೆನಾಡಿನಲ್ಲಿ ಎಲ್ಲ ಕೆರೆ ಬತ್ತಿ ಒಂದರಲ್ಲಿ ಮಾತ್ರ ನೀರು ಉಳಿದಾಗ ಆಗುತ್ತಲ್ಲ, ಹಾಗೆ.

ದಾರಿಯ ಬಗ್ಗೆ ಜಾಸ್ತಿ ಹೇಳಲ್ಲ. ಆಗುಂಬೆ ಘಾಟಿಯ ಎರಡನೇ ತಿರುವಿನಲ್ಲೇ ವಾಂತಿ ಬರುವ ಮನುಷ್ಯ ನಾನು. ಮೊದಲ ಎರಡು ದಿನ ಹಡಗಿನ ಡಾಕ್ಟರ್ ಕೊಟ್ಟ ಮಾತ್ರೆ, ಒಣ ಬಿಸ್ಕತ್ತು, ಹಾಸಿಗೆ. ಮೂರನೇ ದಿನ ಎದ್ದು ಕೂತೆ. ಫಾಕ್‌ಲ್ಯಾಂಡ್‌ನಲ್ಲಿ ಕಪ್ಪು ಹುಬ್ಬಿನ ಆಲ್ಬಟ್ರಾಸ್ ಅನ್ನೋ ದೊಡ್ಡ ಕಡಲಹಕ್ಕಿಗಳೂ ರಾಕ್‌ಹಾಪರ್ ಪೆಂಗ್ವಿನ್‌ಗಳೂ ಒಂದೇ ಬಂಡೆಯಲ್ಲಿ ವಠಾರದ ಹಾಗೆ ಗೂಡು ಮಾಡಿದ್ದವು. ಅದೇ ಸಾಕಿತ್ತು ಅನಿಸಿತ್ತು ಆವತ್ತು.

ಸೌತ್ ಜಾರ್ಜಿಯಾ ಮುಟ್ಟುವ ಹಿಂದಿನ ದಿನ ಒಂದು ತಪಾಸಣೆ. ದಡಕ್ಕೆ ಹಾಕಿಕೊಂಡು ಹೋಗುವ ಬಟ್ಟೆ, ಬ್ಯಾಗು, ಟ್ರೈಪಾಡ್ ಎಲ್ಲವನ್ನೂ ಲೌಂಜಿಗೆ ತರಬೇಕು. ವ್ಯಾಕ್ಯೂಮ್ ಕ್ಲೀನರ್ ಹಿಡಿದು ಜೇಬು ಜೇಬು ಎಳೆಯುತ್ತಾರೆ. ವೆಲ್ಕ್ರೋ ಪಟ್ಟಿಯನ್ನು ಚಿಮುಟದಿಂದ ಕೆದಕುತ್ತಾರೆ. ನನ್ನ ಕ್ಯಾಮೆರಾ ಬ್ಯಾಗಿನ ಪಟ್ಟಿಯಿಂದ ತಪಾಸಣೆ ಮಾಡುತ್ತಿದ್ದ ಹುಡುಗಿ ಒಂದು ಬೀಜ ಎತ್ತಿ ಬೆಳಕಿಗೆ ಹಿಡಿದು "ಇದೇನು?" ಅಂದಳು. ನೋಡಿದರೆ ಉತ್ತರಾಣಿ! ಹಿಂದಿನ ತಿಂಗಳು ದರೋಜಿಯಲ್ಲಿ ಕರಡಿ ನೋಡಲು ಹೋದಾಗ ಅಂಟಿಕೊಂಡಿದ್ದು. ಬೆಂಗಳೂರು, ಬ್ಯೂನಸ್ ಐರಿಸ್, ಉಶುವಾಯಾ, ಫಾಕ್‌ಲ್ಯಾಂಡ್ ಎಲ್ಲ ಸುತ್ತಿ ಬಂದಿತ್ತು. ಆ ಚಳಿಗೆ ಉತ್ತರಾಣಿ ಮೊಳೆಯುತ್ತಿತ್ತು ಅಂತ ನನಗೇನೂ ಅನಿಸಲ್ಲ. ಆದರೂ ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದವನ ಹಾಗೆ ಮುಖ ಸಣ್ಣಗಾಯಿತು. ಒಂದು ಬೀಜಕ್ಕೆ ಇಷ್ಟು ಗಲಾಟೆನಾ ಅಂತ ಒಳಗೊಳಗೇ ಗೊಣಗಿಕೊಂಡೆ ಕೂಡ.

ಸಂಜೆ ಹಡಗಿನಲ್ಲಿ ಇಲಿಗಳ ಕಥೆ ಕೇಳಿದ ಮೇಲೆ ಗೊಣಗಾಟ ನಿಂತಿತು. ಹಿಂದಿನ ಕಾಲದಲ್ಲಿ ಸೀಲ್ ಅನ್ನೋ ಕಡಲಪ್ರಾಣಿ ಮತ್ತು ತಿಮಿಂಗಿಲ ಹೊಡೆಯಲು ಬಂದ ಹಡಗುಗಳಿಂದ ಇಲಿಗಳು ಇಳಿದಿದ್ದವು. ಮರವೇ ಇಲ್ಲದ ಜಾಗ, ಸಣ್ಣ ಹಕ್ಕಿಗಳೆಲ್ಲ ನೆಲದಲ್ಲೋ ಬಿಲದಲ್ಲೋ ಮೊಟ್ಟೆ ಇಡುತ್ತವೆ. ಇಲಿಗಳಿಗೆ ಹಬ್ಬ. ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಸೌತ್ ಜಾರ್ಜಿಯಾ ಪಿಪಿಟ್ ಅನ್ನೋ ಪುಟ್ಟ ಹಾಡುಹಕ್ಕಿ ಇಲಿ ಇಲ್ಲದ ಸಣ್ಣ ದ್ವೀಪಗಳಿಗೆ ಸರಿಯಿತು. ನಮ್ಮ ಗದ್ದೆ ಬಯಲಲ್ಲಿ ಓಡಾಡುವ ಪಿಪಿಟ್‌ನ ನೆಂಟನೇ ಅದು. 2011ರಿಂದ 2015ರವರೆಗೆ ಒಂದು ಟ್ರಸ್ಟಿನವರು ಹೆಲಿಕಾಪ್ಟರ್‌ನಿಂದ ವಿಷದ ಕಾಳು ಉದುರಿಸಿದರು. ಹಿಮನದಿಗಳು ದ್ವೀಪವನ್ನು ಹೋಳು ಹೋಳು ಮಾಡಿದ್ದರಿಂದ ಒಂದು ಹೋಳಿನ ಇಲಿ ಇನ್ನೊಂದಕ್ಕೆ ದಾಟಲು ಆಗುತ್ತಿರಲಿಲ್ಲ. ಹಾಗಾಗಿ ಒಂದೊಂದೇ ಹೋಳನ್ನು ಮುಗಿಸುತ್ತಾ ಹೋದರು. ಅವಸರಕ್ಕೂ ಅದೇ ಕಾರಣ. ಹಿಮನದಿಗಳು ಕರಗುತ್ತಾ ಹಿಂದೆ ಸರಿಯುತ್ತಿದ್ದವು, ದಾರಿ ತೆರೆದರೆ ಮಾಡಿದ ಕೆಲಸವೆಲ್ಲ ನೀರಪಾಲು. ವಾಸನೆ ಹಿಡಿಯುವ ನಾಯಿಗಳನ್ನು ಬಿಟ್ಟು ಹುಡುಕಿಸಿ, 2018ರ ಮೇ ತಿಂಗಳಲ್ಲಿ ಇಲಿ ಇಲ್ಲ ಅಂತ ಘೋಷಿಸಿದರು. ನಾನು ಇಳಿದ ಮೊದಲ ದಡದಲ್ಲೇ ಪಿಪಿಟ್ ಹಾಡುತ್ತಿತ್ತು. ಪೆಂಗ್ವಿನ್ ನೋಡೋ ಭರದಲ್ಲಿ ಮುಕ್ಕಾಲು ಜನ ಅದರ ಕಡೆ ತಿರುಗಲೇ ಇಲ್ಲ.

ಅವರನ್ನು ಬೈಯೋಕೂ ಆಗಲ್ಲ ಬಿಡಿ. ಸೇಂಟ್ ಆಂಡ್ರೂಸ್ ಬೇ ಅನ್ನೋ ಕಡಲತೀರದಲ್ಲಿ ಕಿಂಗ್ ಪೆಂಗ್ವಿನ್‌ಗಳು ಸುಮಾರು 1,50,000 ಜೋಡಿ. ರಬ್ಬರ್ ದೋಣಿಯಲ್ಲಿ ಹೋಗುವಾಗ ಮೊದಲು ಸದ್ದು, ಆಮೇಲೆ ವಾಸನೆ. ಹತ್ತಿಪ್ಪತ್ತು ಊರಿನ ಕಹಳೆಯವರೆಲ್ಲ ಒಂದೇ ಜಾತ್ರೆಗೆ ಬಂದು ಒಬ್ಬರ ಮೇಲೊಬ್ಬರು ಊದಿದ ಹಾಗೆ. ವಾಸನೆ ಮೀನು ಮಾರ್ಕೆಟ್ಟಿನ ಮಧ್ಯಾಹ್ನ ಎರಡು ಗಂಟೆಯದು. ದಿಬ್ಬ ಹತ್ತಿ ನೋಡಿದರೆ ಕಣಿವೆ ತುಂಬ ಹಕ್ಕಿ, ನಡುನಡುವೆ ಕಂದು ಬಣ್ಣದ ಪಟ್ಟೆಗಳು. ಆ ಪಟ್ಟೆಗಳೇ ಮರಿಗಳು. ಹಳೇ ಕಂಬಳಿ ಹೊದ್ದ ಹಾಗೆ ಇರುವ ಅವನ್ನು ಮೊದಲು ಬಂದ ಯುರೋಪಿನವರು ಬೇರೆಯದೇ ಜಾತಿ ಅಂದುಕೊಂಡಿದ್ದರಂತೆ. ಕಿಂಗ್ ಪೆಂಗ್ವಿನ್‌ಗೆ ಒಂದು ಮರಿ ದೊಡ್ಡದು ಮಾಡಲು ವರ್ಷಕ್ಕಿಂತ ಜಾಸ್ತಿ ಬೇಕು. ಅದಕ್ಕೇ ಯಾವಾಗ ಹೋದರೂ ಒಂದು ಕಡೆ ಮರಿ, ಇನ್ನೊಂದು ಕಡೆ ಮೊಟ್ಟೆ, ಮತ್ತೊಂದು ಕಡೆ ಪ್ರಣಯ ನಡೆದೇ ಇರುತ್ತದೆ. ಸಮುದ್ರದಿಂದ ಬಂದ ತಾಯಿಯೋ ತಂದೆಯೋ ಆ ಗದ್ದಲದೊಳಗೆ ನಿಂತು ಒಂದು ಸಲ ಕೂಗುತ್ತದೆ. ಎಲ್ಲಿಂದಲೋ ಒಂದೇ ಒಂದು ಮರಿ ಎದ್ದು ಓಡಿ ಬರುತ್ತದೆ. ಮೂರು ಗಂಟೆಯ ಹೊತ್ತು ಬರೀ ಇದನ್ನೇ ನೋಡಿದೆ.

ನಿಂತೇ ನೋಡಬೇಕು. ಹಕ್ಕಿಜ್ವರ ಬಂದ ಮೇಲೆ ದಡದಲ್ಲಿ ಕೂರುವ ಹಾಗಿಲ್ಲ, ಮಂಡಿ ಊರುವ ಹಾಗಿಲ್ಲ, ಬ್ಯಾಗ್ ಕೆಳಗಿಡುವ ಹಾಗೂ ಇಲ್ಲ. ಗಂಬೂಟನ್ನು ಇಳಿಯುವಾಗ, ಹತ್ತುವಾಗ ಎರಡು ಸಲವೂ ಔಷಧಿ ನೀರಿನಲ್ಲಿ ಅದ್ದಬೇಕು. ಪೆಂಗ್ವಿನ್‌ನಿಂದ 5 ಮೀಟರ್ ದೂರ ಇರಬೇಕು. ಅದಕ್ಕೆ ಆ ನಿಯಮ ಗೊತ್ತಿಲ್ಲ, ಅದೇ ಹತ್ತಿರ ಬರುತ್ತದೆ, ನೀವು ಹಿಂದೆ ಹಿಂದೆ ಹೋಗಬೇಕು.

ಎಲಿಫೆಂಟ್ ಸೀಲ್ ಮರಿಗಳಿಗೂ ಗೊತ್ತಿಲ್ಲ. ತಾಯಿ ಮೂರು ವಾರಕ್ಕೂ ಸ್ವಲ್ಪ ಹೆಚ್ಚು ದಿನ ಹಾಲು ಕೊಡುತ್ತದೆ, ಅಷ್ಟು ದಿನ ತಾನು ಒಂದು ತುತ್ತೂ ತಿನ್ನಲ್ಲ. ಆಮೇಲೆ ಒಂದು ದಿನ ಸಮುದ್ರಕ್ಕೆ ಹೊರಟುಹೋಗುತ್ತದೆ. ದುಂಡಗೆ ಊದಿಕೊಂಡ ಮರಿಗಳು ದಡದಲ್ಲಿ ಬಿದ್ದುಕೊಂಡು ದೊಡ್ಡ ಕಪ್ಪು ಕಣ್ಣು ಬಿಟ್ಟು, ಯಾರಾದರೂ ಬಂದರೆ ಅಮ್ಮನೇನೋ ಅಂತ ನೋಡುತ್ತವೆ. ಅಮ್ಮನನ್ನು ಕಳೆದುಕೊಂಡ ವರ್ಷ ನಾನು ಅಲ್ಲಿಗೆ ಹೋಗಿದ್ದು. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಇದೇ ದ್ವೀಪದಲ್ಲಿ ಗ್ರಿಟ್ವಿಕೆನ್ ಅನ್ನೋ ಜಾಗ ಇದೆ, ಕೊಪ್ಪರಿಗೆ ಕೊಲ್ಲಿ ಅಂತ ಅರ್ಥ. ಸೀಲ್‌ಗಳ ಕೊಬ್ಬು ಕಾಯಿಸುತ್ತಿದ್ದ ಕೊಪ್ಪರಿಗೆಗಳು ಅಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. 1904ರಲ್ಲಿ ನಾರ್ವೆಯ ಕಾರ್ಲ್ ಆಂಟನ್ ಲಾರ್ಸನ್ ಅಲ್ಲಿ ತಿಮಿಂಗಿಲದ ಕಾರ್ಖಾನೆ ಕಟ್ಟಿದ. ಸುಮಾರು 60 ವರ್ಷದಲ್ಲಿ ಈ ದ್ವೀಪದ ಕಾರ್ಖಾನೆಗಳಲ್ಲಿ ಕೊಯ್ದ ತಿಮಿಂಗಿಲಗಳ ಲೆಕ್ಕ 1,75,250. ತುಕ್ಕು ಹಿಡಿದ ಬಾಯ್ಲರುಗಳ ನಡುವೆ ಈಗ ಫರ್ ಸೀಲ್‌ಗಳು ಮಲಗಿರುತ್ತವೆ. ತುಪ್ಪಳಕ್ಕಾಗಿ ಹೊಡೆದು ಹೊಡೆದು ಮುಗಿಸೇಬಿಟ್ಟಿದ್ದ ಪ್ರಾಣಿ ಅದು. ಈಗ ನಿಮ್ಮ ದಾರಿಗೆ ಅಡ್ಡ ಮಲಗಿ ಗುರ್ ಅನ್ನುತ್ತದೆ. 2020ರ ಸಮೀಕ್ಷೆಯಲ್ಲಿ 23 ದಿನದಲ್ಲಿ 55 ನೀಲಿ ತಿಮಿಂಗಿಲ ಕಂಡವು. ಅದಕ್ಕೆ ಮುಂಚೆ ಎಷ್ಟೋ ವರ್ಷ ಒಂದು ಕಂಡರೆ ದೊಡ್ಡ ಸುದ್ದಿ.

ನನ್ನ ಭಾವಮೈದುನನಿಗೆ ನಾನು ಹೇಳಿದ್ದೂ ಇದನ್ನೇ. ಅಂಟಾರ್ಟಿಕಾದಲ್ಲಿ ಮನುಷ್ಯ ಹಾಳುಮಾಡದ ಜಾಗ ನೋಡುತ್ತೀಯ. ಇಲ್ಲಿ ಪೂರಾ ಹಾಳುಮಾಡಿದ ಮೇಲೂ ಎದ್ದ ಜಾಗ ನೋಡುತ್ತೀಯ. ಎರಡನೆಯದು ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. 2023ರಲ್ಲಿ ಹಕ್ಕಿಜ್ವರ ಈ ದ್ವೀಪಕ್ಕೂ ಬಂತು. ಎಲಿಫೆಂಟ್ ಸೀಲ್‌ಗಳು ತುಂಬಾ ಸತ್ತವು, ಕೆಲವು ದಡಗಳನ್ನು ಮುಚ್ಚಿದರು. ಇಷ್ಟು ದೂರ ಹಡಗಿನ ಎಣ್ಣೆ ಸುಟ್ಟು ಹೋಗುವ ನಮ್ಮಂಥವರಿಂದ ಆ ಹಿಮಕ್ಕೆ ಉಪಕಾರವೇನೂ ಇಲ್ಲ. ಹಾಗಿದ್ದೂ ಯಾಕೆ ಹೋದೆ ಅಂದರೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಇನ್ನೊಂದು ಸಲ ಹೋಗಲ್ಲ, ಅಷ್ಟು ಮಾತ್ರ ಗಟ್ಟಿ ಮಾಡಿಕೊಂಡಿದ್ದೇನೆ.

ಅಂಟಾರ್ಟಿಕಾ ಅನ್ವೇಷಕ ಶ್ಯಾಕಲ್ಟನ್ ಸಮಾಧಿಯೂ ಗ್ರಿಟ್ವಿಕೆನ್‌ನಲ್ಲೇ ಇದೆ. ಹಡಗಿನವರು ಎಲ್ಲರ ಕೈಗೂ ಒಂದೊಂದು ಗುಟುಕು ವಿಸ್ಕಿ ಕೊಟ್ಟು ಅವನ ಹೆಸರಲ್ಲಿ ಕುಡಿಸುತ್ತಾರೆ. ನಾನು ಕುಡಿಯುವವನಲ್ಲ, ನನ್ನ ಪಾಲು ಪಕ್ಕದವರಿಗೆ ಹೋಯಿತು.

ಅಂಟಾರ್ಟಿಕಾ ಹೇಗಿತ್ತು ಅಂತಲೂ ಹೇಳಬೇಕಲ್ಲ. ಚೆನ್ನಾಗಿತ್ತು. ಹಿಮದ ನೀಲಿ ಫೋಟೋದಲ್ಲಿ ಬರಲ್ಲ. "ಮೈತ್ರಿಗೆ ಹೋಗಿದ್ರಾ?" ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ನಮ್ಮ ದೇಶದ ಮೈತ್ರಿ, ಭಾರತಿ ಕೇಂದ್ರಗಳಿರುವುದು ಖಂಡದ ಪೂರ್ವ ಭಾಗದಲ್ಲಿ. ಪ್ರವಾಸಿ ಹಡಗುಗಳು ಹೆಚ್ಚಾಗಿ ಹೋಗೋದು ದಕ್ಷಿಣ ಅಮೆರಿಕದ ಕಡೆ ಚಾಚಿರುವ ಬಾಲಕ್ಕೆ. ನಡುವೆ ಸಾವಿರಾರು ಕಿಲೋಮೀಟರ್ ಇದೆ.

ಹೋಗುವುದೇ ಆದರೆ ಚಿಕ್ಕ ಹಡಗು ನೋಡಿ. ಒಂದು ಸಲಕ್ಕೆ ದಡದಲ್ಲಿ 100 ಜನ ಮಾತ್ರ ಇರಬಹುದು. ಹಡಗಿನಲ್ಲಿ 200 ಜನ ಇದ್ದರೆ ಅರ್ಧ ಹೊತ್ತು ನಿಮ್ಮ ಸರದಿ ಕಾಯೋದೇ ಆಗುತ್ತದೆ. 500ಕ್ಕಿಂತ ಜಾಸ್ತಿ ಜನರ ಹಡಗಾದರೆ ಅಂಟಾರ್ಟಿಕಾದಲ್ಲಿ ಇಳಿಸೋದೇ ಇಲ್ಲ, ಡೆಕ್ ಮೇಲಿಂದ ನೋಡಿ ಬರಬೇಕು. ನವೆಂಬರ್‌ನಲ್ಲಿ ಹಿಮ, ಎಲಿಫೆಂಟ್ ಸೀಲ್ ಮರಿಗಳು. ಡಿಸೆಂಬರ್‌ನಲ್ಲಿ ಗಂಡು ಫರ್ ಸೀಲ್‌ಗಳು ದಡ ಹಿಡಿದು ಕೂತಿರುತ್ತವೆ, ಕೆಲವು ಕಡೆ ಕಾಲಿಡಲು ಜಾಗ ಇರಲ್ಲ. ಗಾಳಿ ಯಾವ ತಿಂಗಳಾದರೂ ಕೈಕೊಡಬಹುದು. ನಮಗೆ ಸಾಲ್ಸ್‌ಬರಿ ಪ್ಲೇನ್ ಅನ್ನೋ ಇನ್ನೊಂದು ಪೆಂಗ್ವಿನ್ ತೀರದಲ್ಲಿ ಇಳಿಯಲು ಆಗಲೇ ಇಲ್ಲ, ಎರಡು ಗಂಟೆ ಹಡಗಿನಿಂದ ದುರ್ಬೀನು ಹಿಡಿದು ನೋಡಿ ಮುಂದೆ ಹೋದೆವು.

ಹೊರಡುವ ಹಿಂದಿನ ದಿನ ಮನೆಯಲ್ಲೇ ಬ್ಯಾಗಿನ ವೆಲ್ಕ್ರೋ ಒಂದು ಸಲ ಬಿಚ್ಚಿ ನೋಡಿ.