ಖಾಲಿ ಉಳಿದ ತಿಂಗಳುಗಳು

ಕಳೆದ ವಾರ ಒಂದು ರಾತ್ರಿ ಸಮುದ್ರ ಮಟ್ಟದ ಹಳೆಯ ಅಳತೆಗಳನ್ನು ಡೌನ್‌ಲೋಡ್ ಮಾಡಿಕೊಂಡು ಕೂತಿದ್ದೆ. ಜಗತ್ತಿನ ಬಂದರುಗಳ ಲೆಕ್ಕವನ್ನು 1933ರಿಂದ ಒಂದೆಡೆ ಕೂಡಿಡುತ್ತಿರುವ ಸಂಸ್ಥೆಯೊಂದು ಲಿವರ್‌ಪೂಲ್‌ನಲ್ಲಿದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ತಿಂಗಳಿಗೊಂದು ಸಾಲು. ಒಂದೊಂದೂ ಏಳು ಸಾವಿರದ ಆಸುಪಾಸಿನ ಸಂಖ್ಯೆ, ಎಲ್ಲವೂ ಮಿಲಿಮೀಟರಿನಲ್ಲಿ. ನೋಡುತ್ತಾ ಹೋದ ಹಾಗೆ ನಡುವೆ -99999 ಬಂತು. ಆ ತಿಂಗಳು ಅಳತೆ ಇಲ್ಲ ಅಂತ ಅದರ ಅರ್ಥ. ಕೆಲವು ಬಂದರುಗಳಲ್ಲಿ ಇದು ವರ್ಷಗಟ್ಟಲೆ ಸಾಲುಸಾಲಾಗಿ ಬರುತ್ತದೆ. ಯುದ್ಧ ಬಂದಿತ್ತೋ, ಯಂತ್ರ ಕೆಟ್ಟಿತ್ತೋ, ದುಡ್ಡು ನಿಂತಿತ್ತೋ, ಆ ಸಂಖ್ಯೆ ಹೇಳುವುದಿಲ್ಲ.

ಕಾರಣ ಗೊತ್ತಿರುವ ಒಂದು ಖಾಲಿ ಜಾಗ ಬೇರೆ ಕಡೆ ಇದೆ. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದರು. 1964ರಲ್ಲಿ ಸರ್ಕಾರದ ಅನುದಾನ ಕಡಿತವಾಯಿತು. ಫೆಬ್ರವರಿ, ಮಾರ್ಚ್, ಏಪ್ರಿಲ್ ಖಾಲಿ. ಇದು ಸಂಶೋಧನೆ ಅಲ್ಲ, ಸುಮ್ನೆ ದಿನನಿತ್ಯದ ಅಳತೆ ಅನ್ನುವ ಮಾತು ಆಮೇಲೂ ಅವರ ಬೆನ್ನು ಬಿಡಲಿಲ್ಲ. ಇವತ್ತು ಹವಾಮಾನ ಬದಲಾವಣೆಯ ಯಾವ ಚರ್ಚೆಯೂ ಆ ಅಳತೆಗಳ ಗ್ರಾಫ್ ಇಲ್ಲದೆ ಮುಂದೆ ಹೋಗುವುದಿಲ್ಲ, ಅಲ್ವಾ?

ಸಮುದ್ರದ ವಿಷಯದಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಅಲೆ, ಭರತ, ಇಳಿತ, ಗಾಳಿ ಎಲ್ಲ ಸೇರಿ ದಿನದಿನವೂ ಮಟ್ಟ ಏರಿಳಿಯುತ್ತದೆ. ಚಂದ್ರನ ಹಾದಿಯ ಓಲಾಟ ಒಂದು ಸುತ್ತು ಮುಗಿಸಲು 18.6 ವರ್ಷ ಬೇಕು. ಅದಕ್ಕೆ ತಕ್ಕ ಹಾಗೆ ಭರತವೂ ಹೆಚ್ಚುಕಡಿಮೆ ಆಗುತ್ತದೆ. ಮಾಪಕ ನಿಂತ ನೆಲವೇ ಕುಸಿಯುತ್ತಿದ್ದರೆ ಅದನ್ನೂ ಕಳೆಯಬೇಕು. ಇಷ್ಟೆಲ್ಲ ಗದ್ದಲದ ನಡುವೆ ನಾವು ಹುಡುಕುತ್ತಿರುವುದು ವರ್ಷಕ್ಕೆ ಮೂರ್ನಾಲ್ಕು ಮಿಲಿಮೀಟರ್. 2006ರಿಂದ 2018ರವರೆಗೆ ಜಗತ್ತಿನ ಸರಾಸರಿ ಏರಿಕೆ ವರ್ಷಕ್ಕೆ 3.7 ಮಿಲಿಮೀಟರ್ ಇತ್ತು. 1901ರಿಂದ 1971ರವರೆಗೆ ಬರೀ 1.3. ವೇಗ ಹೆಚ್ಚಿದೆ ಎಂದು ಹೇಳಲು ಆ ಹಳೆಯ ಸಾಲುಗಳು ಇರಲೇಬೇಕಿತ್ತು. ಮೂರು ವರ್ಷದ ಪ್ರಾಜೆಕ್ಟ್‌ಗೆ ಹಣ ಕೊಟ್ಟರೆ ಚಂದ್ರನ ಒಂದು ಸುತ್ತೂ ಮುಗಿಯುವುದಿಲ್ಲ.

ಸಮುದ್ರ ಮಟ್ಟ ಅಳೆಯುವ ಉಪಗ್ರಹಗಳಲ್ಲಿ ಅಳತೆ ಕಡಿಯದಂತೆ ಚೆನ್ನಾಗಿ ನೋಡಿಕೊಂಡಿದ್ದಾರೆ. 1992ರ ಟೋಪೆಕ್ಸ್/ಪೊಸೈಡನ್ ಆದಮೇಲೆ ಜೇಸನ್ ಸರಣಿಯ ಮೂರು, 2020ರಲ್ಲಿ ಸೆಂಟಿನೆಲ್-6. ಹೊಸದು ಬಂದ ಕೂಡಲೇ ಹಳೆಯದನ್ನು ಬಿಡಲಿಲ್ಲ. ಸೆಂಟಿನೆಲ್-6, ಜೇಸನ್-3ರ ಹಿಂದೆಯೇ 30 ಸೆಕೆಂಡಿನ ಅಂತರದಲ್ಲಿ ತಿಂಗಳುಗಟ್ಟಲೆ ಹಾರಿತು. ಒಂದೇ ನೀರನ್ನು ಎರಡೂ ಅಳೆದು ತಾಳೆ ನೋಡಿದವು. ಇದಕ್ಕೆ ಖರ್ಚಾಗುತ್ತದೆ, ಆದರೆ ಸರಣಿ ಮುರಿಯಲಿಲ್ಲ. ಮಂಜುಗಡ್ಡೆಯ ತೂಕ ಅಳೆಯುವ ಗ್ರೇಸ್ ಎಂಬ ಜೋಡಿ ಉಪಗ್ರಹಗಳಿಗೆ ಆ ಅದೃಷ್ಟ ಇರಲಿಲ್ಲ. ಹಳೆಯ ಜೋಡಿ 2017ರಲ್ಲಿ ನಿಂತಿತು, ಹೊಸದು ಹಾರಿದ್ದು 2018ರ ಮೇ ತಿಂಗಳಲ್ಲಿ. ನಡುವಿನ ತಿಂಗಳುಗಳನ್ನು ಈಗ ಅಂದಾಜಿನಲ್ಲೇ ತುಂಬಬೇಕು.

ನೂರು ವರ್ಷ ಅಳೆಯುವ ಕೆಲಸದಲ್ಲಿ ಯಾವ ಕಂಪನಿಗೂ ಲಾಭವಿಲ್ಲ. ಸರ್ಕಾರಗಳೇ ಮಾಡಬೇಕು. ಹೊಸ ಯಂತ್ರದ ಉದ್ಘಾಟನೆಗೆ ಹಣ ಸಿಗುತ್ತದೆ. ನನಗೆ ಬೇಕಾದದ್ದು ಅದರ ನಂತರದ ಹಣ. ಮಾಪಕದ ತುಕ್ಕು ತೆಗೆಯುವವರ ಸಂಬಳ, ಬ್ಯಾಟರಿ, ಲೆಕ್ಕ ಪರೀಕ್ಷಿಸಿ ಕಳಿಸುವ ಒಬ್ಬರು. ಇದಕ್ಕೆ ಬಜೆಟ್‌ನಲ್ಲಿ ಪ್ರತ್ಯೇಕ ಸಾಲು ಇರಲಿ, ಸರ್ಕಾರ ಬದಲಾದರೂ ಆ ಸಾಲನ್ನು ಮುಟ್ಟದಿರಲಿ.

ನಾನು ಹಾಕಿದ ಗ್ರಾಫ್‌ನಲ್ಲಿ ಆ -99999 ಇದ್ದ ಕಡೆ ಗೆರೆ ಜೋಡಿಸಲಿಲ್ಲ. ತುಂಡಾಗಿಯೇ ಬಿಟ್ಟಿದ್ದೇನೆ.